ಮಾದಿ ಹೆತ್ತೆ ಪುಟ ತಿರುವಿದ ಮಳೆಗಾಲ

ಹೋದ ತಿಂಗಳು ಒಂದು ಮದುವೆಗೆಂದು ಊಟಿಗೆ ಹೋಗಿದ್ದೆ. ಮಾರ್ಕೆಟ್ಟಿನ ಹತ್ತಿರ ಇಳಿಯುವಷ್ಟರಲ್ಲಿ ಮಳೆ ಹಿಡಿಯಿತು. ಊಟಿಯ ಮಳೆ ಸುರಿಯುವುದು ಕಡಿಮೆ, ಸುಮ್ಮನೆ ಬಂದು ನಮ್ಮ ಪಕ್ಕದಲ್ಲಿ ನಿಂತಿರುತ್ತದೆ. ನೆನೆದದ್ದು ಗೊತ್ತಾಗುವುದು ಚಳಿ ಹತ್ತಿದ ಮೇಲೆಯೇ. ರೇಷ್ಮೆ ಸೀರೆ ಉಳಿಸಿಕೊಳ್ಳಲು ಎದುರಿಗೆ ಕಂಡ ಜೆರಾಕ್ಸ್ ಅಂಗಡಿಯೊಳಗೆ ಹೊಕ್ಕೆ. ಯಾರೋ ಹಾಲ್ ಟಿಕೆಟ್ ಪ್ರಿಂಟ್ ತೆಗೆಸುತ್ತಿದ್ದರು. ಥಂಡಿ ಕುಡಿದ ಕಾಗದ ಮೆಷಿನ್ನಿನೊಳಗೆ ಹೋಗಿ ಬಿಸಿಯಾಗಿ ಹೊರಗೆ ಬರುವಾಗ ಒಂದು ವಾಸನೆ ಬರುತ್ತದೆ, ಅರೆಒಣಗಿದ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ. ಬಯಲಿನ ಊರುಗಳ ಅಂಗಡಿಗಳಲ್ಲಿ ಈ ವಾಸನೆ ಇಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಾನು ಯಾವ ಮದುವೆಗೆ ಬಂದವಳು ಅನ್ನುವುದು ಕೂಡ ಒಂದು ಗಳಿಗೆ ಮರೆತುಹೋಯಿತು.

ಅಂಥದೇ ಅಂಗಡಿ ಅದೇ ಬೀದಿಯಲ್ಲಿ ನನ್ನದೂ ಒಂದಿತ್ತು. ಗುಂಡ್ಲುಪೇಟೆಯಿಂದ ಮದುವೆಯಾಗಿ ಬೆಟ್ಟ ಹತ್ತಿದವಳು ನಾನು. ನನ್ನ ಯಜಮಾನರು ಕ್ಯಾರೆಟ್ಟು, ಬೀಟ್‌ರೂಟನ್ನು ಲಾರಿಗೆ ತುಂಬಿಸಿ ಮೈಸೂರಿಗೆ ಕಳಿಸುತ್ತಿದ್ದರು. ನಾನು ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಮೆಷಿನ್ನು ಇಟ್ಟುಕೊಂಡು ಕೂತಿದ್ದೆ. ತಮಿಳು ಓದುವುದನ್ನೂ ಟೈಪ್ ಮಾಡುವುದನ್ನೂ ಅಲ್ಲೇ ಕಲಿತೆ. ಮಳೆಗಾಲ ಬಂತೆಂದರೆ ಕಾಗದದ ಬೀರುವಿನೊಳಗೆ ಹಗಲಿಡೀ ಒಂದು ಬಲ್ಬು ಉರಿಯುತ್ತಿರಬೇಕು. ಇಲ್ಲದಿದ್ದರೆ ಹಾಳೆಗೆ ಹಾಳೆ ಅಂಟಿಕೊಂಡು ಮೆಷಿನ್ನು ಮುನಿಸಿಕೊಳ್ಳುತ್ತಿತ್ತು. ಆ ಮೆಷಿನ್ನಿಗೆ ನಾನು ಬೈದಷ್ಟು ನನ್ನ ಗಂಡನಿಗೂ ಬೈದಿಲ್ಲ.

ಆ ವರ್ಷದ ಮಳೆ ಶುರುವಾದ ವಾರವೇ ಗಿರಿಜಾ ಬಂದಳು. ಕಲ್ಲಟ್ಟಿಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಬಡಗರ ಹಟ್ಟಿಯಿದೆ, ಅಲ್ಲಿನ ಶಾಲೆಯ ಟೀಚರ್. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕವರನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು. ಬಡಗ ಮಾತು ನನಗೆ ಅರ್ಧ ತಿಳಿಯುತ್ತದೆ, ಇನ್ನರ್ಧ ತಿಳಿದ ಹಾಗಾಗಿ ಜಾರಿಹೋಗುತ್ತದೆ. ಅದಕ್ಕೇ ಅವಳು ನನ್ನ ಹತ್ತಿರ ಮಾತನ್ನು ಸ್ವಲ್ಪ ಕನ್ನಡದ ಕಡೆಗೆ ವಾಲಿಸಿಕೊಳ್ಳುತ್ತಿದ್ದಳು.

“ಅಕ್ಕಾ, ಇದರಲ್ಲಿ ಒಂದು ಇ-ಬುಕ್ ಇದೆ. ಪ್ರಿಂಟ್ ಹಾಕಿ ಬುಕ್ಕು ಮಾಡಿ ಕೊಡುವಿರಾ?”

“ಅದೇನು ದೊಡ್ಡ ಕೆಲಸ? ಸಂಜೆ ಬಾ,” ಅಂದೆ. ಆಮೇಲೆ ಅವಳ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದೆ.

ಅವಳು ಹೇಳಿದ್ದು ಇಷ್ಟು. ಅವರ ಹಟ್ಟಿಯ ಹೆಂಗಸರು ಸೋಮವಾರ ಸೋಮವಾರ ಸಂಜೆ ಕೂತು ಹಾಡುತ್ತಾರೆ, ಯಾರಾದರೂ ತೀರಿಕೊಂಡರೆ ಅವರನ್ನು ಕಳಿಸುವಾಗಲೂ ಹಾಡುತ್ತಾರೆ. ಹಿರಿಯರು ಬೆಟ್ಟಕ್ಕೆ ಬಂದ ಹಾಡು, ರಾಗಿ ಬಿತ್ತಿದ ಹಾಡು, ಎಮ್ಮೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಹಾಡು. ಅವನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆಸಿ, ಗಿರಿಜಾ ಹುಟ್ಟುವ ಮೊದಲೇ ಊಟಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿದ್ದರು. ಹಾಡುವವರಿಗೆ ತಲೆಗೊಂದು ಪ್ರತಿ. ಪ್ರೆಸ್ಸು ಯಾವಾಗಲೋ ಮುಚ್ಚಿತು. ಹಾಡುವವಳು ತೀರಿಕೊಂಡರೆ ಅವಳ ಪುಸ್ತಕವನ್ನು ಅವಳ ಕೈಯಲ್ಲೇ ಇಟ್ಟು ಕಳಿಸುವುದು ಆ ಹಟ್ಟಿಯ ಪದ್ಧತಿ. ಒಬ್ಬೊಬ್ಬರೇ ಹೋದರು, ಒಂದೊಂದೇ ಪುಸ್ತಕ ಮಣ್ಣಿಗೆ ಹೋಯಿತು. ಇರುವವರ ಪ್ರತಿಗಳು ಥಂಡಿಗೆ ಬೂಷ್ಟು ಹಿಡಿದು ಪುಡಿಯಾದವು. ಕೊನೆಗೆ ಉಳಿದದ್ದು ಗಿರಿಜಾಳ ತಾಯಿ ನಂಜಿಯಮ್ಮನ ಪ್ರತಿ. ಅದನ್ನು ನೋಡಿಕೊಂಡು ಗಿರಿಜಾ ಹಾಡುಗಳನ್ನೆಲ್ಲ ಟೈಪ್ ಮಾಡಿ, ಇ-ಬುಕ್ ಮಾಡಿ, ಎಲ್ಲರ ಫೋನಿಗೂ ಹಾಕಿಕೊಟ್ಟಳು. ಹಿಂದಿನ ಚಳಿಗಾಲದಲ್ಲಿ ತಾಯಿ ತೀರಿಕೊಂಡಾಗ, ಫೋನಿನಲ್ಲಿ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಕೊನೆಯ ಪುಸ್ತಕವನ್ನೂ ಆಕೆಯ ಕೈಗೆ ಕೊಟ್ಟು ಕಳಿಸಿದರು.

“ಅವತ್ತು ಅಮ್ಮನ ಮುಂದೆ ಫೋನು ನೋಡಿ ಹಾಡೋಕೆ ಕೂತೆವು ಅಕ್ಕಾ. ಒಬ್ಬರ ಫೋನಲ್ಲಿ ಅಕ್ಷರ ದೊಡ್ಡದು, ಒಬ್ಬರದರಲ್ಲಿ ಸಣ್ಣದು. ಒಬ್ಬರು ಮುಂದೆ ಹೋದರು, ಒಬ್ಬರು ಹಿಂದೆ ಉಳಿದರು. ಯಾರದೋ ಬೆರಳು ತಾಗಿ ಕಡೇ ಹಾಡಿಗೆ ಹಾರಿತು. ಅಷ್ಟರಲ್ಲಿ ಒಂದು ಫೋನು ರಿಂಗ್ ಆಯಿತು. ಅಮ್ಮನ ಹಾಡು ನಡುವಲ್ಲೇ ನಿಂತುಹೋಯಿತು. ಮತ್ತೆ ಏಳಲೇ ಇಲ್ಲೆ.”

ಅದನ್ನು ಹೇಳುವಾಗ ಅವಳು ಅಳಲಿಲ್ಲ. ನನಗೇ ಕಣ್ಣು ತುಂಬಿ ಬಂತು.

ಆಗ ಉಳಿದಿದ್ದ ಹಿರಿಯ ಹಾಡುಗಾರ್ತಿ ಮಾದಿ ಹೆತ್ತೆ. ಹೆತ್ತೆ ಅಂದರೆ ಅವರಲ್ಲಿ ಅಜ್ಜಿ. ಹಾಡು ಎತ್ತಿಕೊಡುವವರು ಅವರೇ. ಕಣ್ಣು ಮಂಜಾಗಿತ್ತು, ಎದೆಯೊಳಗೆ ನೀರು ತುಂಬಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಆ ಮಳೆಗಾಲ ದಾಟುವುದು ಕಷ್ಟ ಅನ್ನುವುದು ಅವರಿಗೂ ಗೊತ್ತಿತ್ತು. ಅವರು ಗಿರಿಜಾಳನ್ನು ಕರೆದು ಹೇಳಿದ್ದು ಒಂದೇ ಮಾತು: “ನಿನ್ನ ಅವ್ವೆಗೆ ಆದದ್ದು ಎನಗ ಆಗಬಾರದು. ಎನ್ನ ದಿನ ಹಾಡು ನಿಲ್ಲಬಾರದು. ಬುಕ್ಕು ಮಾಡಿಸು.”

ನಾನು ಬಹಳ ಜಾಣತನದಿಂದ ಕೆಲಸ ಮಾಡಿದೆ. ಇ-ಬುಕ್ಕಿನ ಅಕ್ಷರವನ್ನೆಲ್ಲ ದೊಡ್ಡ ಹಾಳೆಗೆ ಇಳಿಸಿ, ಜಾಗ ಪೋಲಾಗದ ಹಾಗೆ ಒತ್ತೊತ್ತಾಗಿ ಕೂರಿಸಿ, ಹಾಡುಗಳ ಹೆಸರಿಗೆ ದಪ್ಪಕ್ಷರ ಕೊಟ್ಟು, ಸುರುಳಿ ತಂತಿ ಹಾಕಿ ಕೊಟ್ಟೆ. ನೋಡಿದರೆ ನನಗೇ ಹೆಮ್ಮೆ. ಸೋಮವಾರ ಕಳೆದು ಮಾರನೆಯ ದಿನ ಗಿರಿಜಾ ಅಷ್ಟೂ ಪುಸ್ತಕವನ್ನು ಚೀಲದಲ್ಲಿ ಹೊತ್ತು ವಾಪಸು ತಂದಳು.

“ಹಾಡೋಕೆ ಆಗ್ತಾ ಇಲ್ಲೆ, ಅಕ್ಕಾ.”

“ಅಕ್ಷರ ತಪ್ಪಾಗಿದೆಯಾ?”

“ಇಲ್ಲೆ. ಎಲ್ಲಾ ಸೆರಿಯಾಗಿ ಇತ್ತು. ಆದರೂ ಹಾಡು ಕೂರ್ತಾ ಇಲ್ಲೆ.”

ನನಗೆ ಸಿಟ್ಟು ಬಂತು. ಎಲ್ಲಾ ಸರಿ ಇದ್ದು ಹಾಡು ಕೂರದಿದ್ದರೆ ಅದಕ್ಕೆ ನಾನೇನು ಕುರ್ಚಿ ಹಾಕಿಕೊಡಲೇ ಎಂದು ಕೇಳಿಯೂಬಿಟ್ಟೆ. ಅವಳು ಪಾಪ, ನಕ್ಕಳು. “ನೀವೇ ಬಂದು ನೋಡಿ,” ಅಂದಳು. ಮುಂದಿನ ಸೋಮವಾರ ಅಂಗಡಿಗೆ ಬೀಗ ಹಾಕಿ ಮಸಿನಗುಡಿ ಬಸ್ಸು ಹತ್ತಿದೆ.

ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ತಲೈಕುಂದ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕರ್ಪೂರ ಮರಗಳು. ಬಯಲಿನಲ್ಲಿ ನಾವು ಅದನ್ನು ನೀಲಗಿರಿ ಮರ ಅನ್ನುತ್ತೇವೆ. ನೀಲಗಿರಿಯಲ್ಲೇ ಇರುವವರು ಹಾಗನ್ನುವುದಿಲ್ಲ. ಮಂಜು ಇಳಿದರೆ ಮರಗಳ ಬುಡ ಕಾಣುತ್ತದೆ, ತಲೆ ಕಾಣುವುದಿಲ್ಲ. ಬಸ್ಸಿನ ಗಾಜಿನ ಮೇಲೆ ಎಲ್ಲರ ಉಸಿರೂ ಕೂತಿರುತ್ತದೆ. ಎಲ್ಲಿ ಇಳಿಯಬೇಕು ಅನ್ನುವುದು ಕಂಡಕ್ಟರ್‌ಗೆ ಮಾತ್ರ ಗೊತ್ತು. ಅವನು ಹೇಳಿದಲ್ಲಿ ಇಳಿದು, ಟೀ ಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದರೆ, ಮೊದಲು ನಾಯಿ ಬೊಗಳುವ ಸದ್ದು, ಆಮೇಲೆ ಸೌದೆಯ ಹೊಗೆ, ಆಮೇಲೆ ಸಾಲುಮನೆಗಳು, ಹೀಗೆ ಹಟ್ಟಿ ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು.

ಮಾದಿ ಹೆತ್ತೆ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಬಿಳಿಯ ಮುಂಡು, ತಲೆಗೆ ಬಿಳಿಯ ಬಟ್ಟೆ, ಮುಂಗೈಯಲ್ಲಿ ಹಸಿರು ಹಚ್ಚೆ. ನನ್ನ ದನಿ ಕೇಳಿ, “ಬಾ ಕೂಸೇ, ನಿನ್ನ ಬುಕ್ಕು ಬಲು ಚೆಂದ ಇತ್ತು ಅಂತೆ. ಹಾಡಿಗೆ ಮಾತ್ರ ಆಗಿಬರಲಿಲ್ಲೆ,” ಎಂದು ನಕ್ಕರು. ನನಗೆ ಕರಿ ಟೀ ಕೊಡಿಸಿ ಹಾಡು ಎತ್ತಿದರು.

ದನಿ ಸಣ್ಣದಾಗಿತ್ತು, ಆದರೆ ಅಲ್ಲಾಡಲಿಲ್ಲ. ಸುತ್ತ ಕೂತ ಹೆಂಗಸರು ನನ್ನ ಪ್ರಿಂಟು ಹಿಡಿದು ದನಿಗೂಡಿಸಿದರು. ಸ್ವಲ್ಪ ಹೊತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ಮಾದಿ ಹೆತ್ತೆಯ ಬಲಗೈ ಎದ್ದಿತು. ಹೆಬ್ಬೆರಳು ತುಟಿಗೆ ತಾಗಿತು. ಕೈ ಗಾಳಿಯಲ್ಲಿ ಬಲದಿಂದ ಎಡಕ್ಕೆ ಮೆಲ್ಲಗೆ ಸರಿಯಿತು. ಅಷ್ಟೂ ಹೊತ್ತು ಹಾಡು ಒಂದು ಉದ್ದನೆಯ ದನಿಯ ಮೇಲೆ ನಿಂತಿತ್ತು. ಉಳಿದ ಹೆಂಗಸರೂ ಅವರ ಕೈ ನೋಡಿ ಪುಟ ಮಗುಚಲು ಹೋದರು. ಆದರೆ ಅವರ ಸಾಲು ನನ್ನ ಹಾಳೆಯಲ್ಲಿ ಇನ್ನೂ ನಟ್ಟನಡುವೆ ಇತ್ತು. ಮಗುಚಿದವರು ದಾರಿ ತಪ್ಪಿದರು, ಮಗುಚದವರು ಉಸಿರು ತಪ್ಪಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಹೆತ್ತೆಯ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಇಲ್ಲದ ಪುಸ್ತಕದ ಪುಟವನ್ನು ಅವರು ತಿರುವುತ್ತಿದ್ದರು. ಇಷ್ಟು ವರ್ಷ ಎಲ್ಲರೂ ಒಟ್ಟಿಗೆ ಪುಟ ತಿರುವಿ ತಿರುವಿ, ಆ ತಿರುವುವ ಹೊತ್ತೇ ಹಾಡಿನ ಒಳಗೆ ಸೇರಿಹೋಗಿತ್ತು. ಅಲ್ಲೇ ಉಸಿರು ತೆಗೆದುಕೊಳ್ಳಬೇಕು, ಅಲ್ಲೇ ದನಿ ಎಳೆಯಬೇಕು. ಇ-ಬುಕ್ಕಿಗೆ ಪುಟವೆಂಬುದೇ ಇಲ್ಲ. ಅದು ಪಾತ್ರೆಗೆ ಹೊಯ್ದ ನೀರು, ಯಾವ ಫೋನಿಗೆ ಹೊಯ್ದರೆ ಆ ಫೋನಿನ ಆಕಾರ. ಗಿರಿಜಾ ಮಾತುಗಳನ್ನು ಒಂದೂ ಬಿಡದೆ ಇಳಿಸಿಕೊಂಡಿದ್ದಳು. ಪುಟ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಬೇಕೆಂದು ಅವಳಿಗೆ ಹೇಗೆ ಹೊಳೆಯಬೇಕು? ನನಗಾದರೂ ಎಲ್ಲಿ ಹೊಳೆದಿತ್ತು?

“ಹೆತ್ತೆ, ಒಂದೊಂದು ಪುಟ ಎಲ್ಲೆಲ್ಲಿ ಮುಗಿಯುತ್ತಿತ್ತು, ಹೇಳ್ತೀರಾ?” ಎಂದು ಕೇಳಿದೆ.

“ಕೇಳಿದರೆ ಗೊತ್ತಿಲ್ಲೆ. ಹಾಡಿದರೆ ಗೊತ್ತು,” ಅಂದರು.

ಹೀಗೆ ಆ ಮಳೆಗಾಲದ ಸೋಮವಾರಗಳೆಲ್ಲ ಅವರ ಪಾಲಾದವು. ಅವರು ಹಾಡುತ್ತಿದ್ದರು, ಗಿರಿಜಾ ದನಿಗೂಡಿಸುತ್ತಿದ್ದಳು, ನಾನು ಎದುರಿಗೆ ಕೂತು ಪೆನ್ಸಿಲ್ ಹಿಡಿದು ಬರೀ ಅವರ ಕೈಯನ್ನು ನೋಡುತ್ತಿದ್ದೆ. ಕೈ ಎದ್ದಲ್ಲಿ ಒಂದು ಗೀಟು. ಎರಡನೆಯ ವಾರಕ್ಕೆ ಇನ್ನೊಂದು ಕಂಡಿತು: ಎರಡು ಕೈಬೀಸುಗಳ ನಡುವೆ ಅವರ ತಲೆ ಎಡದಿಂದ ಬಲಕ್ಕೆ ಒಂದಿಷ್ಟೇ ಇಷ್ಟು ಹೊರಳುತ್ತಿತ್ತು. ಎಡಪುಟ ಮುಗಿದು ಬಲಪುಟ ಶುರುವಾಗುವ ಜಾಗ ಅದು. ಅಲ್ಲೊಂದು ಚುಕ್ಕೆ ಇಟ್ಟೆ. ಪುಸ್ತಕದ ಅಳತೆ ಯಾರಿಗೂ ನೆನಪಿರಲಿಲ್ಲ. ಪುಸ್ತಕ ಹಿಡಿದ ಹಾಗೆ ಕೈ ಹಿಡಿಯಿರಿ ಎಂದು ಹೇಳಿ ಎರಡು ಅಂಗೈಗಳ ನಡುವೆ ಟೇಪು ಹಿಡಿದಾಗ ಹೆತ್ತೆಗೆ ನಗು ತಡೆಯಲಾಗಲಿಲ್ಲ.

“ಏ ಕೂಸೇ, ಎನಗ ಜಾಕೀಟು ಹೊಲಿಸುವೆಯಾ?”

“ಹೂಂ ಹೆತ್ತೆ, ಲೇಸು ಇಟ್ಟು.”

“ಹಾಗಾದರೆ ತೋಳು ಗಿಡ್ಡ ಇಡು, ಈಗಿನ ಫ್ಯಾಷನ್ನು!” ಅಂದರು, ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

ಕೆಲವು ಸೋಮವಾರ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಒಂದು ಹಾಡಿನ ನಡುವೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಮಂಜು ಬಂದು ಇಣುಕಿ ಒಳಗೂ ಬರುತ್ತಿತ್ತು. ಒಲೆಯ ಹೊಗೆ ಯಾವುದು, ಮಂಜು ಯಾವುದು ತಿಳಿಯುತ್ತಿರಲಿಲ್ಲ. ಗಿರಿಜಾ ಅವರ ಬೆನ್ನು ನೀವುತ್ತಾ ನನ್ನ ಕಡೆ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಇದ್ದದ್ದು ನನ್ನ ಮನಸ್ಸಿನಲ್ಲೂ ಇತ್ತು: ಗೀಟು ಹಾಕಿ ಮುಗಿಯುವವರೆಗೆ ಈ ಕೈ ಇರಬೇಕಲ್ಲ. ಮಾತುಗಳು ಫೋನಿನಲ್ಲಿದ್ದವು, ಪುಟಗಳು ಆ ಕೈಯಲ್ಲಿ ಮಾತ್ರ ಇದ್ದವು. ವಾಪಸು ಬರುವಾಗ ಬಸ್ಸಿನಲ್ಲಿ ತೂಕಡಿಸಿದರೆ ಅರ್ಧನಿದ್ದೆಯಲ್ಲಿ ಅದೇ ಕೈ ನನ್ನ ಮುಂದೆ ಮೆಲ್ಲಗೆ ಸರಿದುಹೋಗುತ್ತಿತ್ತು. ಎಚ್ಚರವಾದಾಗ ನನ್ನ ಹೆಬ್ಬೆರಳು ನನ್ನ ತುಟಿಯ ಮೇಲಿರುತ್ತಿತ್ತು. ಪಕ್ಕದ ಸೀಟಿನವರು ಏನೆಂದುಕೊಂಡರೋ.

ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಸೂರಿನ ತಗಡು ಅಲ್ಲಾಡಿಸುತ್ತಿದ್ದ ಒಂದು ಸಂಜೆ, ರಾಗಿ ಬಿತ್ತಿದ ಹಾಡು ಮುಗಿಯಿತು. ಹೆತ್ತೆಯ ತಲೆ ಎಡದಿಂದ ಬಲಕ್ಕೆ ಹೊರಳಿತು. ಮುಂದಿನದು ಎಮ್ಮೆ ಕರೆಯುವ ಹಾಡು, ಅಲ್ಲೇ ಶುರುವಾಗಬೇಕು ಎಂದು ನಾನು ಪೆನ್ಸಿಲ್ ಹಿಡಿದು ಕಾದೆ. ಹೆತ್ತೆ ಹಾಡಲಿಲ್ಲ. ತುಟಿ ಮುಚ್ಚಿತ್ತು, ಮಂಜುಗಣ್ಣು ಬಲಗಡೆಗೆ ನಿಂತೇ ಇತ್ತು. ಸುಮಾರು ಹೊತ್ತಿನ ಮೇಲೆ ಕೈ ಎದ್ದು, ಪುಟ ತಿರುವಿ, ಎಮ್ಮೆಯ ಹಾಡು ಎತ್ತಿದರು.

ತಾಯಿ ಹೋದ ಮೇಲಷ್ಟೇ ಹಾಡಿಗೆ ಕೂತ ಗಿರಿಜಾಗೂ ಇದು ಹೊಸದು. ಅವಳ ಮುಖ ಬಿಳಿಚಿತು. “ಹೆತ್ತೆ, ಅಲ್ಲಿ ಒಂದು ಹಾಡು ಇತ್ತಾ? ನಾ ಟೈಪ್ ಮಾಡುವಾಗ ಬಿಟ್ಟೆನಾ?” ತಾಯಿಯ ಪುಸ್ತಕ ಮಣ್ಣಿನಲ್ಲಿ. ಬಿಟ್ಟುಹೋಗಿದ್ದರೆ ಇನ್ನು ಆ ಹಾಡನ್ನು ಎಲ್ಲಿಂದ ತರುವುದು?

“ಇಲ್ಲೆ, ಕೂಸೇ. ಅಲ್ಲಿ ಏನೂ ಇಲ್ಲೆ. ಬರೀ ಪುಟ.”

ಪ್ರೆಸ್ಸಿನವನ ಅವಾಂತರವಂತೆ. ಪುಸ್ತಕ ಕೈಗೆ ಬಂದಾಗ ನೋಡಿದರೆ ನಡುವೆ ಒಂದು ಪುಟ ಖಾಲಿ, ಕೆಳಗೆ ಪುಟದ ನಂಬರು ಮಾತ್ರ. ಹೆಂಗಸರೆಲ್ಲ ಸೇರಿ ಅವನಿಗೆ ಚೆನ್ನಾಗಿ ಉಗಿದರು. ಆಗ ಹಾಡು ಎತ್ತಿಕೊಡುತ್ತಿದ್ದ ಮುದುಕಿ ಹೇಳಿದಳಂತೆ: ಬೈಯಬೇಡಿ, ಇರಲಿ, ಅಲ್ಲಿ ಹಾಡುವ ಸರದಿ ಎಂಗಳದಲ್ಲ, ಹೋದವರದು. ಅವತ್ತಿನಿಂದ ಆ ಪುಟ ಬಂದರೆ ಎಲ್ಲರೂ ಬಾಯಿ ಮುಚ್ಚಿ ಕೂರುತ್ತಾರೆ. ಹೋದವರು ಹಾಡಿ ಮುಗಿಸಿದರು ಅನ್ನಿಸಿದಾಗ ಎತ್ತಿಕೊಡುವವಳು ಪುಟ ತಿರುವುತ್ತಾಳೆ.

“ಅದು ಎಷ್ಟು ಹೊತ್ತು ಹೆತ್ತೆ? ಹೇಗೆ ತಿಳಿಯುತ್ತದೆ?” ಗಿರಿಜಾ ಕೇಳಿದಳು.

“ತಿಳಿಯುತ್ತದೆ. ಇನ್ನು ಮುಂದೆ ನೀನೇ ಎತ್ತಿಕೊಡಬೇಕು, ನಿನಗೂ ತಿಳಿಯುತ್ತದೆ.”

ಗಿರಿಜಾ ಒಲೆಯ ಸೌದೆ ಮುಂದೆ ತಳ್ಳಿದಳು.

ಅಂಗಡಿಯಲ್ಲಿ ನನಗೂ ಮೆಷಿನ್ನಿಗೂ ಯುದ್ಧವೇ ಆಯಿತು. ಗೀಟಿನಿಂದ ಗೀಟಿಗೆ, ಚುಕ್ಕೆಯಿಂದ ಚುಕ್ಕೆಗೆ ಪುಟ ಕಡಿದು, ಒಂದು ಪುಟಕ್ಕೆ ಬರುವ ಸಾಲುಗಳು ಸರಿಯಾಗಿ ತುಂಬುವಂತೆ ಅಕ್ಷರದ ಗಾತ್ರ ಹುಡುಕಿ, ಟೇಪು ಹೇಳಿದ ಅಳತೆಗೆ ಹಾಳೆ ಕತ್ತರಿಸಿದೆ. ಅದೆಲ್ಲ ಆಯಿತು. ಬರೀ ಪುಟ ಮಾತ್ರ ನಿಲ್ಲಲೊಲ್ಲದು. ಕಂಪ್ಯೂಟರಿನಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಇಲ್ಲ. ಏನೂ ಬರೆಯದ ಪುಟ ಯಾರಿಗೆ ಬೇಕು ಎಂದು ಮೆಷಿನ್ನು ತಾನೇ ತೀರ್ಮಾನಿಸಿ, ಅದನ್ನು ನುಂಗಿ, ಮುಂದಿನ ಹಾಡನ್ನು ಬಲಗಡೆಗೆ ಎಳೆದುಕೊಳ್ಳುತ್ತಿತ್ತು. ಅಲ್ಲಿಂದಾಚೆಗಿನ ಪುಟಗಳೆಲ್ಲ ಎಡಬಲ ತಪ್ಪಿದವು. ಅರ್ಧ ದಿನ ಗುದ್ದಾಡಿ ತಲೆಕೆಟ್ಟ ಮೇಲೆ ಹೆತ್ತೆಯ ಮಾತು ನೆನಪಾಗಿ ಕೆಳಗೆ ಪುಟದ ನಂಬರು ಹಾಕಿದೆ. ನಂಬರು ಕಂಡದ್ದೇ ಮೆಷಿನ್ನು ಮರ್ಯಾದೆಯಿಂದ ಆ ಪುಟವನ್ನು ಹೊರಗೆ ಬಿಟ್ಟಿತು. ಸುರುಳಿ ತಂತಿ ಬೇಡವೆಂದು ನಡುವೆ ದಾರ ಹಾಕಿ ಕೈಯಲ್ಲೇ ಹೊಲಿದೆ.

ಹೊಸ ಪುಸ್ತಕ ಹಿಡಿದು ಹಾಡಿದ ಸೋಮವಾರ ಮಳೆಗೆ ಬಿಡುವಿತ್ತು. ಬಾಗಿಲಿನಿಂದ ಬಿಸಿಲು ಬಂದು ಹೆತ್ತೆಯ ಕಾಲ ಮೇಲೆ ಬಿದ್ದಿತ್ತು. ಮೊದಲ ಪುಟ ಮುಗಿಯಿತು. ಹೆಂಗಸರ ಹೆಬ್ಬೆರಳೆಲ್ಲ ಒಟ್ಟಿಗೆ ತುಟಿಗೆ ಹೋದವು, ಹಾಳೆಗಳೆಲ್ಲ ಒಟ್ಟಿಗೆ ಮಗುಚಿದವು, ದನಿ ಎಲ್ಲೂ ಕಡಿಯದೆ ಮುಂದಿನ ಪುಟಕ್ಕೆ ದಾಟಿತು. ಹೆತ್ತೆ ಹಾಡು ನಿಲ್ಲಿಸಿದ್ದರು. ಅವರ ಕೈ ಎರಡೂ ಮಡಿಲಲ್ಲಿ ಸುಮ್ಮನೆ ಇದ್ದವು. ಅವರು ಬರೀ ಕೇಳುತ್ತಿದ್ದರು.

ಹಾಡು ಮುಗಿದ ಮೇಲೆ ಗಿರಿಜಾ ಅವರ ಮಡಿಲಲ್ಲಿ ಒಂದು ಪ್ರತಿ ಇಟ್ಟಳು. ಹೆತ್ತೆ ಅದನ್ನು ಸವರಿ, ಮೂಸಿ, ಅವಳಿಗೇ ಹಿಂತಿರುಗಿಸಿದರು.

“ಎನಗ ಬೇಡ. ಎಂಗಳ ಸಂಗಡ ಬುಕ್ಕೆಲ್ಲ ಮಣ್ಣಿಗೆ ಹೋದರೆ ಇರುವವರು ಏನ ಹಾಡುವರು?”

“ಪದ್ಧತಿ ಬಿಡೋದು ಹೇಗೆ ಹೆತ್ತೆ? ನಿಂಗಳ ಕೈ ಖಾಲಿ ಕಳಿಸಬೇಕಾ?”

“ಖಾಲಿ ಯಾಕೆ? ಆ ಬರೀ ಪುಟ ಒಂದು ಕೊಡಿ. ಇನ್ನು ಅಲ್ಲಿ ಹಾಡಬೇಕಾದವಳು ನಾನು ತಾನೆ.”

ಏನಾದರೂ ಮಾಡಬೇಕಲ್ಲ ಎಂದು ನಾನು ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಅವರ ಕೈಗೆ ಕೊಡಲು ಹೋದೆ. ಹೆತ್ತೆ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು.

“ಇದು ಕಾಗದ, ಕೂಸೇ. ಪುಟ ಅಲ್ಲ. ನಿನ್ನ ಮೆಷಿನ್ನಿಗೆ ಹಾಕಿ, ನಂಬರು ಹೊಡೆದು ತಾ.”

ಮಾರನೆಯ ದಿನ ಬೀರುವಿನೊಳಗೆ ಬಲ್ಬಿನ ಹತ್ತಿರ ಇದ್ದ ಹಾಳೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಅಳತೆಗೆ ಕತ್ತರಿಸಿ ಮೆಷಿನ್ನಿಗೆ ಕೊಟ್ಟೆ. ಅಷ್ಟು ವರ್ಷದಲ್ಲಿ ಎಷ್ಟೋ ಪ್ರಿಂಟು ತೆಗೆದಿದ್ದೇನೆ, ಒಂದಕ್ಕೂ ಹಾಗೆ ಮೆಷಿನ್ನಿನ ಮುಂದೆ ನಿಂತು ಕಾದಿರಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ನಂಬರು ಹೊತ್ತು ಅದು ಬಿಸಿಬಿಸಿಯಾಗಿ ಹೊರಗೆ ಬಂತು. ಆರುವ ತನಕ ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಮಾದಿ ಹೆತ್ತೆ ಆಡಿ ದಾಟಿದರು, ಆವಣಿ ದಾಟಿದರು. ಐಪ್ಪಸಿಯಲ್ಲಿ, ದೀಪಾವಳಿಯ ಹೊತ್ತಿನ ಮಳೆ ಶುರುವಾದಾಗ ಹೋದರು. ನಾನು ಹಟ್ಟಿ ತಲುಪುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಹೊದಿಸಿದ ಬಿಳಿ ಬಟ್ಟೆಯ ಮೇಲೆ ಎರಡು ಕೈ, ಕೈಗಳ ನಡುವೆ ಆ ಪುಟ. ತುಂತುರು ಬೀಳದಿರಲಿ ಎಂದು ಯಾರೋ ಅದರ ಮೇಲೆ ಕೊಡೆ ಹಿಡಿದು ನಿಂತಿದ್ದರು. ನನ್ನ ಕೈಗೂ ಒಂದು ಪುಸ್ತಕ ಕೊಟ್ಟು ಹೆಂಗಸರು ತಮ್ಮ ನಡುವೆ ಜಾಗ ಮಾಡಿದರು.

ಗಿರಿಜಾ ಹಾಡು ಎತ್ತಿದಳು. ಅವಳ ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. ಪುಟದಿಂದ ಪುಟಕ್ಕೆ ಎಲ್ಲರೂ ಒಟ್ಟಿಗೆ ದಾಟಿದೆವು. ರಾಗಿ ಬಿತ್ತಿದ ಹಾಡು ಮುಗಿಯಿತು. ಎಲ್ಲರ ತಲೆಯೂ ಬಲಕ್ಕೆ ಹೊರಳಿತು. ಬರೀ ಪುಟ.

ಕೊಡೆಯ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಂಜು ಅಂಗಳದವರೆಗೆ ಇಳಿದಿತ್ತು. ಎಲ್ಲರೂ ಅಭ್ಯಾಸದಿಂದ ಹೆತ್ತೆಯ ಕೈಯನ್ನೇ ನೋಡುತ್ತಿದ್ದೆವು. ಆ ಕೈ ಇನ್ನು ಏಳುವುದಿಲ್ಲ ಅನ್ನುವುದು ಒಬ್ಬೊಬ್ಬರಿಗೂ ಒಂದೊಂದು ಗಳಿಗೆಯಲ್ಲಿ ತಿಳಿಯುತ್ತಾ ಹೋಯಿತು. ಬಹಳ ಹೊತ್ತಾಯಿತು, ನಂಜಿಯಮ್ಮನ ದಿನದ ಹಾಗೇ ಆಗಿಹೋಗುತ್ತದೇನೋ ಎಂದು ನಾನು ಗಿರಿಜಾಳ ಕಡೆ ನೋಡಿದೆ. ಗಿರಿಜಾ ಕಣ್ಣು ಮುಚ್ಚಿ, ತಲೆ ಒಂದಿಷ್ಟು ಬಾಗಿಸಿ, ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಕೂತಿದ್ದಳು.

ಆಮೇಲೆ ಅವಳ ಕೈ ಎದ್ದಿತು. ಹೆಬ್ಬೆರಳು ತುಟಿಗೆ ತಾಗಿತು. ಒಂದು ಹಾಳೆ ಮಗುಚಿದ ಸದ್ದು, ಅದರ ಹಿಂದೆಯೇ ನಮ್ಮೆಲ್ಲರ ಹಾಳೆಗಳ ಸದ್ದು. ಎಮ್ಮೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದೆವು. ಗಂಡಸರು ಮಾದಿ ಹೆತ್ತೆಯನ್ನು ಎತ್ತಿಕೊಂಡು ಟೀ ಗಿಡಗಳ ನಡುವಿನ ದಾರಿಯಲ್ಲಿ ಇಳಿದು, ಮಂಜಿನೊಳಗೆ ಕಾಣದಾಗುವವರೆಗೂ ನಾವು ಹಾಡುತ್ತಲೇ ಇದ್ದೆವು.